ಬೋಳು ಗಾಡಿ

ನನ್ನ ಬೋರ್ಡು ಒಂದೇ ತಿಂಗಳಲ್ಲಿ ಮೂರನೆಯ ಸಲ ಗುರುಪಾದನ ಗಾಡಿಯ ಮೇಲೆ ಕಂಡ ದಿನ, ಇದು ಮಧ್ಯಾಹ್ನದ ಕೆಲಸವಲ್ಲ, ಮನುಷ್ಯನ ಕೈಕೆಲಸ ಎಂದು ನನಗೆ ಖಾತ್ರಿಯಾಯಿತು. ನಾನು ಮೊದಲಿನಿಂದಲೂ ಸಂಶಯದ ಹೆಂಗಸು. ಹಾಲಿನವನು ನಗುತ್ತ ಬಂದರೆ ಹಾಲನ್ನು ಎರಡು ಸಲ ಮೂಸುತ್ತೇನೆ. ಯಾರಾದರೂ ಕಾರಣವಿಲ್ಲದೆ ಹೊಗಳಿದರೆ ಅಂದು ಬಾಗಿಲಿಗೆ ಎರಡು ಚಿಲಕ ಹಾಕುತ್ತೇನೆ. ನನ್ನ ಗಂಡ ಬದುಕಿದ್ದಾಗ, "ಚಂದ್ರವ್ವಾ, ನೀ ಗುಡಿ ತೀರ್ಥಾನೂ ಸೋಸಿ ಕುಡಿಯಾಕಿ" ಎಂದು ರೇಗಿಸುತ್ತಿದ್ದ. ಆ ಗುಡಿಯ ತೀರ್ಥದಲ್ಲಿ ಒಮ್ಮೆ ನಿಜವಾಗಿಯೂ ಇರುವೆ ಇತ್ತು, ಅದನ್ನು ಅವನು ಯಾರಿಗೂ ಹೇಳುತ್ತಿರಲಿಲ್ಲ.

ನಮ್ಮ ಊರಿನಲ್ಲಿ ಅಂಗಡಿಗಳ ನೆತ್ತಿಗೆ ಬೋರ್ಡು ಹಾಕುವುದಿಲ್ಲ. ಬೋರ್ಡು ಇರುವುದು ಗಾಡಿಯ ಮೇಲೆ, ಅದೂ ಅಯಸ್ಕಾಂತದ ಹಾಳೆಯದು. ಮಧ್ಯಾಹ್ನ ಎರಡರಿಂದ ಮೂರರವರೆಗೆ ಊರಿಗೆ ಊರೇ ಬಾಗಿಲು ಹಾಕಿಕೊಂಡು ಒಳಗಿರುತ್ತದೆ. ಮೂರಕ್ಕೆ ಹೊರಗೆ ಬಂದು ನೋಡಿದರೆ ಐದಾರು ಬೋರ್ಡುಗಳು ಗಾಡಿ ಬದಲಿಸಿರುತ್ತವೆ. ಮರುದಿನ ಮಧ್ಯಾಹ್ನ ತಮ್ಮ ತಮ್ಮ ಗಾಡಿಗೆ ಮರಳುತ್ತವೆ. ಯಾರ ಗಾಡಿಯ ಮೇಲೆ ಯಾವ ಬೋರ್ಡು ಇದೆಯೋ ಅಂದು ಆ ಕೆಲಸ ಅವರದು. ಗಿರಾಕಿ ಬೀದಿಯಲ್ಲಿ ಕೈ ಅಡ್ಡ ಹಾಕಿದರೆ ನಿಲ್ಲಿಸಬೇಕು. ಆ ಕೆಲಸ ಗೊತ್ತಿದ್ದರೆ ಮಾಡಿಕೊಡಬೇಕು, ಗೊತ್ತಿಲ್ಲದಿದ್ದರೆ ಬೋರ್ಡಿನ ಒಡೆಯರಿಗೆ ಸುದ್ದಿ ಮುಟ್ಟಿಸಬೇಕು. ಹೀಗಾಗಿ ನಮ್ಮಲ್ಲಿ ಐಸ್‌ಕ್ಯಾಂಡಿ ಮಾರುವವನಿಗೆ ತಕ್ಕಮಟ್ಟಿಗೆ ಕ್ಷೌರ ಬರುತ್ತದೆ. ಹೆಣದ ಗಾಡಿ ಓಡಿಸುವ ಈರಪ್ಪನಿಗೆ ವರ್ಷಕ್ಕೆರಡು ಸಲ ಮದುವೆ ಬ್ಯಾಂಡಿನ ಬೋರ್ಡು ಬಂದು ಬಂದು, ಈಗ ಅವನು ಕ್ಲಾರಿಯೊನೆಟ್ ಊದುವುದನ್ನು ಕೇಳಲೆಂದೇ ಕೆಲವರು ಅವನ ಗಾಡಿ ಹುಡುಕುತ್ತಾರೆ.

ಪಾಲಿಸಬೇಕಾದದ್ದು ಎರಡೇ. ಆ ಒಂದು ಗಂಟೆ ಯಾರೂ ಹೊರಗೆ ಇಣುಕಬಾರದು. ಇನ್ನೊಬ್ಬರ ಬೋರ್ಡನ್ನು ಕೈಯಿಂದ ಮುಟ್ಟಬಾರದು. ಮುಟ್ಟಿದವರ ಗಾಡಿ ಒಂದು ವರ್ಷ ಬೋಳು. ಬೋಳು ಗಾಡಿಯನ್ನು ಯಾವ ಗಿರಾಕಿಯೂ ನಿಲ್ಲಿಸುವಂತಿಲ್ಲ. ಮಧ್ಯಾಹ್ನ ಬೇರೆ ಬೋರ್ಡು ಬಂದು ಕೂರದಂತೆ ಅದಕ್ಕೆ ಕಂಬಳಿ ಹೊದಿಸಬೇಕು. ನನಗೆ ತಿಳಿದಂತೆ ಊರಿನಲ್ಲಿ ಹೀಗೆ ಬೋಳಾದವರು ಇಬ್ಬರು. ಇಬ್ಬರೂ ವರ್ಷ ಮುಗಿಯುವ ಮೊದಲೇ ಊರು ಬಿಟ್ಟರು.

ಇದಲ್ಲದೆ ಎಲ್ಲರೂ ಬಲ್ಲ ಮಾತೊಂದಿದೆ. ತಿಂಗಳೊಳಗೆ ಒಂದು ಬೋರ್ಡು ಒಂದೇ ಗಾಡಿಗೆ ಎರಡನೆಯ ಸಲ ಹೋದದ್ದಿಲ್ಲ. ನನ್ನದು ಮೂರು ಸಲ ಹೋಗಿತ್ತು.

ನನ್ನ ಕೆಲಸ ಸೊಳ್ಳೆ ಪರದೆಯದು. ಮನೆಗಳಿಗೆ ಹೋಗಿ ಕಿಟಕಿ ಅಳೆದು, ಮನೆಯಲ್ಲಿ ಹೊಲಿದು, ಮತ್ತೆ ಹೋಗಿ ಕೂರಿಸಿ ಬರುತ್ತೇನೆ. ಇಪ್ಪತ್ತೆರಡು ವರ್ಷದಿಂದ ಇದೇ ಅನ್ನ. ಊರಿನ ಹಿಂದೆ ಕೆರೆಯ ಜೌಗು ಇರುವುದರಿಂದ ಕೆಲಸಕ್ಕೆ ಕೊರತೆ ಇರಲಿಲ್ಲ. ಬೋರ್ಡನ್ನು ಪೇಟೆಯಲ್ಲಿ ಮಾಡಿಸಿ ತರಬಹುದು, ತರುವವರೂ ಇದ್ದಾರೆ. ನನಗೆ ಪೇಟೆಯವರ ಮೇಲೆ ನಂಬಿಕೆ ಇಲ್ಲ, ತೆಳುವಾದ ಹಾಳೆ ಹಾಕಿ ಕೈ ತೊಳೆದುಕೊಳ್ಳುತ್ತಾರೆ. ಪ್ರತಿ ವರ್ಷ ಯುಗಾದಿಯ ಹಿಂದಿನ ವಾರ ನಾನೇ ಹೊಸದು ಮಾಡುತ್ತೇನೆ. ಅಯಸ್ಕಾಂತದ ಕಪ್ಪು ಹಾಳೆಯನ್ನು ಗಾಜಿನ ಮೇಲೆ ಹಾಸಿ, ಉಕ್ಕಿನ ಪಟ್ಟಿ ಒತ್ತಿ ಹಿಡಿದು, ಬ್ಲೇಡನ್ನು ಒಂದೇ ಉಸಿರಿಗೆ ಎಳೆಯಬೇಕು. ಎರಡು ಸಲ ಎಳೆದರೆ ಅಂಚು ಹರಕಾಗುತ್ತದೆ. ಮೂಲೆಗಳನ್ನು ಚೂಪಾಗಿ ಬಿಡಬಾರದು, ಗಾಡಿ ಓಡುವಾಗ ಗಾಳಿ ಮೊದಲು ಕೈ ಹಾಕುವುದು ಅಲ್ಲಿಗೇ. ಸುಣ್ಣದ ಡಬ್ಬಿಯ ಮುಚ್ಚಳ ಇಟ್ಟು ಗುಂಡಗೆ ಕತ್ತರಿಸಬೇಕು. ಮೇಲೆ ಬಿಳಿಯ ಅಂಟುಹಾಳೆ ಎಳೆದು, ಗಾಳಿಗುಳ್ಳೆ ಉಳಿಯದಂತೆ ಬಾಚಣಿಗೆಯ ಬೆನ್ನಿನಿಂದ ತೀಡಿ, ಅದರ ಮೇಲೆ ಕೆಂಪು ಅಕ್ಷರಗಳನ್ನು ಒಂದೊಂದಾಗಿ ಕೂರಿಸಬೇಕು. ನನ್ನ ಬೋರ್ಡಿನಲ್ಲಿ ಇದ್ದದ್ದು ಇಷ್ಟು: ಚಂದ್ರವ್ವ, ಸೊಳ್ಳೆ ಪರದೆ, ಕಿಟಕಿ ಬಾಗಿಲು ತೊಟ್ಟಿಲು, ಒಂದು ನೂಲೂ ಸಂದು ಬಿಡುವುದಿಲ್ಲ. ನೂಲೆಂದರೆ ನಮ್ಮ ಅಳತೆಯಲ್ಲಿ ಇಂಚಿನ ಎಂಟನೆಯ ಒಂದು ಪಾಲು.

ಗುರುಪಾದ ಎದುರು ಮನೆಯವನು. ಕುಕ್ಕರು, ಗ್ಯಾಸಿನ ಒಲೆ ರಿಪೇರಿ ಮಾಡುತ್ತಾನೆ. ಮೂರು ಗಾಲಿಯ ಸಾಮಾನಿನ ಆಟೋ ಇದೆ. ಐವತ್ತು ದಾಟಿದ, ಮದುವೆಯಾಗದ, ಮಾತು ಕಡಿಮೆಯ ಮನುಷ್ಯ. ಹೆಗಲ ಮೇಲಿನ ಟವೆಲಿನಿಂದ ಸದಾ ಏನನ್ನಾದರೂ ಒರೆಸುತ್ತಿರುತ್ತಾನೆ. ಈ ವರ್ಷದ ನನ್ನ ಹೊಸ ಬೋರ್ಡನ್ನು ವ್ಯಾನಿಗೆ ಹಚ್ಚಿದ ದಿನ ಬಂದು ಅರ್ಧ ನಿಮಿಷ ನೋಡಿದ್ದ.

"ಅಕ್ಷರ ಒಂಚೂರು ಇಳಿಜಾರ ಆಗ್ಯಾವೇನ್ರೀ?" ಎಂದ.

"ನಿಮ್ಮ ಕುತ್ತಿಗಿ ಇಳಿಜಾರ ಆಗೇತಿ" ಎಂದೆ. ಅವನು ನಕ್ಕು ಹೋದ. ಆ ನಗು ನನಗೆ ಸರಿ ಕಾಣಲಿಲ್ಲ.

ಅದಾದ ಮೇಲೆ ಒಂದೊಂದೇ ಗಮನಕ್ಕೆ ಬರತೊಡಗಿತು. ಪರದೆ ಕತ್ತರಿಸಿ ಉಳಿದ ಚೂರುಗಳನ್ನು ಅವನು ಕೇಳಿಕೊಂಡು ಬಂದ. ಏತಕ್ಕೆಂದರೆ, "ಹಿಟ್ಟು ಸೋಸಾಕ" ಎಂದ. ಒಂಟಿ ಮನುಷ್ಯನಿಗೆ ವಾರಕ್ಕೆ ಒಂದು ಚೀಲ ಚೂರು ಬೇಕಾಗುವಷ್ಟು ಹಿಟ್ಟು ಎಲ್ಲಿಂದ ಬರುತ್ತದೆ? ನನ್ನ ಹೊಲಿಗೆಯ ಗುಟ್ಟು ಕಲಿಯುತ್ತಿದ್ದಾನೆ ಎಂದುಕೊಂಡೆ. ಕೊಡುವುದನ್ನು ನಿಲ್ಲಿಸಲಿಲ್ಲ, ನಿಲ್ಲಿಸಿದರೆ ನನಗೆ ಗೊತ್ತಾಗಿದೆ ಎಂದು ಅವನಿಗೆ ಗೊತ್ತಾಗುತ್ತದಲ್ಲ. ನನ್ನ ಬೋರ್ಡು ಅವನ ಗಾಡಿಗೆ ಹೋದ ದಿನಗಳಲ್ಲಿ ಸಂಜೆ ಬಂದು, "ಮಸೂತಿ ಓಣ್ಯಾಗ ಒಬ್ರಿಗೆ ಎರಡು ಕಿಡಕಿಗೆ ಪರದೆ ಬೇಕಂತ್ರಿ" ಎಂದು ನಿಯತ್ತಿನಿಂದ ಹೇಳಿ ಹೋಗುತ್ತಿದ್ದ. ಹತ್ತು ಗಿರಾಕಿಯಲ್ಲಿ ಎಂಟು ನುಂಗಿ ಎರಡನ್ನು ನನಗೆ ಉಗುಳುತ್ತಿದ್ದಾನೆ, ಅದೂ ನಾನು ಸುಮ್ಮನಿರಲಿ ಎಂದು, ಅಂದುಕೊಂಡೆ.

ಊರಿನವರ ನಡೆಯೂ ಬದಲಾಗಿತ್ತು. ಅಂಗಡಿಯ ಮುಂದೆ ನಾಲ್ಕು ಹೆಂಗಸರು ಮಾತಾಡುತ್ತಿದ್ದರೆ ನಾನು ಹೋದೊಡನೆ ಮಾತು ಬೆಂಡೆಕಾಯಿಗೆ ತಿರುಗುತ್ತಿತ್ತು. ಯಾರಿಗೂ ಬೆಂಡೆಕಾಯಿಯ ಮೇಲೆ ಅಷ್ಟು ಅಕ್ಕರೆ ಇರುವುದಿಲ್ಲ. ಪರದೆ ಕೂರಿಸಿ ಬಂದ ಮನೆಗಳವರು, "ಹೆಂಗೈತ್ರೀ?" ಎಂದರೆ "ಭಾಳ ಚೊಲೊ ಐತ್ರಿ, ಭಾಳ ಚೊಲೊ" ಎಂದು ಎರಡೆರಡು ಸಲ ಅನ್ನುತ್ತಿದ್ದರು. ಒಂದು ಸಲ ಸಾಕಾಗುವ ಮಾತನ್ನು ಎರಡು ಸಲ ಹೇಳಿದರೆ ಅಲ್ಲಿ ಏನೋ ಇದೆ. ಗುರುಪಾದ ನನ್ನ ಬಗ್ಗೆ ಏನೋ ಹಬ್ಬಿಸಿದ್ದಾನೆ ಎಂದು ತೀರ್ಮಾನಿಸಿದೆ. ಇಪ್ಪತ್ತೆರಡು ವರ್ಷದ ಹೆಸರು ಹೋದರೆ ನನಗೆ ಬೇರೆ ಏನೂ ಇಲ್ಲ. ಮಕ್ಕಳಿಲ್ಲ, ಹೊಲವಿಲ್ಲ. ಇರುವುದು ಒಂದು ಹೊಲಿಗೆ ಯಂತ್ರ, ಒಂದು ಹಳೆಯ ವ್ಯಾನು, ಬೋರ್ಡಿನ ಮೇಲಿನ ಹೆಸರು.

ಹೊರಗೆ ಕೂತು ನೋಡಿಯೇ ಬಿಡುವುದೆಂದು ನಿಶ್ಚಯಿಸಿದೆ.

ಅಂದು ಶುಕ್ರವಾರ. ಮನೆಯ ಬಾಗಿಲನ್ನು ಒಳಗಿನಿಂದ ಹಾಕಿ, ಹಿತ್ತಲಿನಿಂದ ಸುತ್ತಿ ಬಂದು, ಎರಡಕ್ಕೆ ಹತ್ತು ನಿಮಿಷ ಇರುವಾಗ ವ್ಯಾನಿನ ಹಿಂಭಾಗಕ್ಕೆ ಹತ್ತಿ ಪರದೆಯ ಸುರುಳಿಗಳ ನಡುವೆ, ಪಕ್ಕದ ಕಿಟಕಿಗೆ ಕಣ್ಣಿಟ್ಟು ಕೂತೆ. ಒಳಗೆ ಬೆಂಕಿ. ಬೆವರು ಕಣ್ಣಿಗಿಳಿಯಿತು. ಒರೆಸಿಕೊಂಡರೂ ಎದುರಿನ ಗೋಡೆಯ ಅಂಚು ಎರಡೆರಡಾಗಿ ಕಾಣುತ್ತಿತ್ತು. ಬೀದಿಯ ಬಾಗಿಲುಗಳೆಲ್ಲ ಒಂದಾದ ಮೇಲೊಂದು ಮುಚ್ಚಿಕೊಂಡವು. ಒಂದು ನಾಯಿ ಕೂಡ ಎದ್ದುಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿತು.

ಸ್ವಲ್ಪ ಹೊತ್ತಿಗೆ ಕ್ಷೌರದ ಕಾಶೀನಾಥನ ಸ್ಕೂಟರಿನ ಮೇಲಿನ ಬೋರ್ಡು ಒಂದು ಮೂಲೆ ಎತ್ತಿತು. ಆಮೇಲೆ ಇನ್ನೊಂದು ಮೂಲೆ. ಇಳಿದು, ನೆಲದ ಮೇಲೆ ಅವಸರವಿಲ್ಲದೆ ಸಾಗಿ, ರಸ್ತೆ ದಾಟಿ, ತೆಂಗಿನಕಾಯಿಯವನ ಟೆಂಪೋ ಏರಿ ಕೂತಿತು. ಅದರ ಹಿಂದೆ ಮತ್ತೊಂದು, ಅದರ ಹಿಂದೆ ಮತ್ತೊಂದು. ಊರು ಹುಟ್ಟಿದಾಗಿನಿಂದ ಯಾರೂ ಕಾಣದ್ದನ್ನು ನಾನು ಕಾಣುತ್ತಿದ್ದೆ, ನಿಜ. ಆದರೆ ನಾನು ಅದನ್ನು ನೋಡಲು ಕೂತಿರಲಿಲ್ಲ. ಅವು ಅಡ್ಡ ಬಂದು ಗುರುಪಾದನ ಬಾಗಿಲು ಮರೆಯಾದಾಗ ನನಗೆ ಸಿಟ್ಟೇ ಬಂತು.

ಎರಡೂವರೆಗೆ ಅವನ ಬಾಗಿಲು ತೆರೆಯಿತು. ಬರಿಗಾಲಿನಲ್ಲಿ ಬಂದ. ತಲೆ ತಗ್ಗಿಸಿ, ಅತ್ತಿತ್ತ ಕಣ್ಣು ಹಾಯಿಸದೆ ನೇರ ನನ್ನ ವ್ಯಾನಿನ ಬಳಿಗೆ. ಅವನ ಉಸಿರು ನನಗೆ ಕೇಳುತ್ತಿತ್ತು. ಟವೆಲಿನಿಂದ ಬೋರ್ಡಿನ ಧೂಳು ಒರೆಸಿದ. ಗಡಿಬಿಡಿಯವರು ಮಾಡುವಂತೆ ಒಂದು ಮೂಲೆ ಹಿಡಿದು ಎಳೆಯಲಿಲ್ಲ, ಹಾಗೆ ಎಳೆದರೆ ಹಾಳೆ ಮಡಚಿ ಬೀಳುತ್ತದೆ. ಎರಡು ಕೈಯನ್ನೂ ಅಡಿಗೆ ತೂರಿಸಿ, ಮಲಗಿದ ಕೂಸನ್ನು ಎತ್ತುವಂತೆ ಎತ್ತಿದ. ತನ್ನ ಆಟೋದ ಮಗ್ಗುಲಿಗೆ ಹಚ್ಚಿ, ಅಂಗೈಯಿಂದ ಒತ್ತಿ, ಒಳಗೆ ಹೋದ. ಕಳ್ಳನಿಗೆ ಎಷ್ಟು ನಾಜೂಕು ನೋಡು ಎಂದುಕೊಂಡೆ.

ಮರುದಿನ ಬೆಳಿಗ್ಗೆ ಲಾರಿಗಳನ್ನು ತೂಗುವ ತೂಕದ ಸೇತುವೆಯ ತಗಡಿನ ಮಾಡಿನ ಕೆಳಗೆ ಪಂಚರು ಸೇರಿದರು. ನಮ್ಮಲ್ಲಿ ಪಂಚರೆಂದರೆ ಎಲ್ಲಕ್ಕಿಂತ ಹಳೆಯ ಐದು ಗಾಡಿಗಳ ಒಡೆಯರು. ಹಿರಿಯಳು ನೀರಿನ ಟ್ಯಾಂಕರಿನ ಕಲಾವತಿಬಾಯಿ. ಎಪ್ಪತ್ತಾದರೂ ಅವಳು ಗೇರು ಬದಲಿಸುವ ಸದ್ದಿಗೆ ಇವತ್ತಿಗೂ ಅರ್ಧ ಊರು ಏಳುತ್ತದೆ. ನೂರು ಜನ ನೆರೆದಿದ್ದರು. ಕಂಡದ್ದನ್ನು ಅವರೆಲ್ಲರ ಮುಂದೆ ಹೇಳಿ ದೂರು ಕೊಟ್ಟೆ.

"ಮಧ್ಯಾಹ್ನ ನೋಡೀದಿ?" ಎಂದು ಕಲಾವತಿಬಾಯಿ ಕೇಳಿದಳು.

"ನೋಡೇನಿ."

ಜನ ಗುಜುಗುಜು ಎಂದರು. ನೋಡಿದವರಿಗೆ ಶಿಕ್ಷೆ ಏನೆಂದು ಯಾರಿಗೂ ಗೊತ್ತಿಲ್ಲ, ಏಕೆಂದರೆ ನೋಡಿದೆ ಎಂದು ಬಾಯಿಬಿಟ್ಟು ಹೇಳಿದವರು ಇದುವರೆಗೆ ಇಲ್ಲ. ಕಲಾವತಿಬಾಯಿ ನನ್ನನ್ನು ಒಂದು ಥರಾ ನೋಡಿದಳು. ಆಮೇಲೆ ಗುರುಪಾದನತ್ತ ತಿರುಗಿದಳು.

"ಚಂದ್ರವ್ವ ಹೇಳೂದು ಖರೆ ಏನಪಾ?"

"ಖರೆ ಐತ್ರಿ."

"ಯಾಕ ಮುಟ್ಟಿದಿ?"

ಅವನು ಟವೆಲಿನಿಂದ ಏನನ್ನೋ ಒರೆಸುತ್ತ ನಿಂತ. ಒರೆಸಲು ಅಲ್ಲಿ ಏನೂ ಇರಲಿಲ್ಲ. "ಕಾರಣ ನನ್ನ ಹತ್ರ ಇರ್ಲಿ ಬಿಡ್ರಿ" ಎಂದ.

ಕಲಾವತಿಬಾಯಿ ಬಹಳ ಹೊತ್ತು ಕಾದಳು. ಉಳಿದ ನಾಲ್ವರು ನೆಲ ನೋಡುತ್ತಿದ್ದರು. "ಹಂಗಾದ್ರ ಒಂದು ವರ್ಷ ಬೋಳು" ಎಂದಳು.

ಬೋಳು ಮಾಡುವಾಗ ತಪ್ಪು ಮಾಡಿದವರ ಬೋರ್ಡನ್ನು ದೂರು ಕೊಟ್ಟವರೇ ನಾಲ್ಕು ತುಂಡು ಮಾಡಬೇಕು. ಅವನ ಬೋರ್ಡನ್ನು ತಂದು ಮೇಜಿನ ಮೇಲೆ ಹಾಸಿದರು. ಕುಕ್ಕರಿನ ಚಿತ್ರವನ್ನು ಅವನೇ ಕೈಯಿಂದ ಕತ್ತರಿಸಿ ಅಂಟಿಸಿದ್ದ, ಸೀಟಿಯಿಂದ ಏಳುವ ಹಬೆಯನ್ನೂ ಬಿಟ್ಟಿರಲಿಲ್ಲ. ನಡುವೆ ಸೀಸದಕಡ್ಡಿಯಿಂದ ಗೆರೆ ಹಾಕಿಕೊಟ್ಟರು. ಕತ್ತರಿ ಹಿಡಿದು ಹೊರಟೆ. ಸ್ವಲ್ಪ ದೂರಕ್ಕೆ ಗೆರೆ ಎಲ್ಲೋ ಹೋಯಿತು, ಕತ್ತರಿ ಎಲ್ಲೋ ಹೋಯಿತು. ಕುಕ್ಕರಿನ ಹೊಟ್ಟೆ ಸೊಟ್ಟಗೆ ಸೀಳಿತು. ಹಿಂದಿನಿಂದ ಯಾರೋ ಕಿಸಕ್ಕೆಂದರು. "ಮೊಂಡ ಕತ್ತರಿ ಕೊಟ್ಟೀರಿ" ಎಂದು ನಾನು ಬೈದೆ.

ಗುರುಪಾದ ಮೇಜಿನ ಆಚೆಯಿಂದ ಮೆಲ್ಲಗೆ, "ಕೈ ಜ್ವಾಕಿರೀ, ನಿಮ್ಮ ಹೆಬ್ಬಟ್ಟ ಅಡ್ಡ ಐತಿ" ಎಂದ.

ಹೆಬ್ಬೆರಳು ನಿಜವಾಗಿಯೂ ಅಡ್ಡ ಇತ್ತು. ಸರಿಸಿಕೊಂಡು ಕತ್ತರಿಸಿದೆ. ಮನೆಗೆ ಬಂದು ಅಂದು ಎರಡು ರೊಟ್ಟಿ ಹೆಚ್ಚು ತಿಂದೆ. ಗೆದ್ದಿದ್ದೆನಲ್ಲ.

ಆರನೆಯ ದಿನ ಮಸೂತಿ ಓಣಿಯಲ್ಲಿ ಶಮೀಮಾ ನನ್ನ ವ್ಯಾನಿಗೆ ಕೈ ಅಡ್ಡ ಹಾಕಿದಳು. ಚೊಚ್ಚಲ ಮಗುವಿನ ತಾಯಿ, ಎರಡು ತಿಂಗಳ ಹಿಂದೆ ಅವಳ ಮನೆಗೆ ಮೂರು ಕಿಟಕಿಗೆ ಪರದೆ ಹಾಕಿದ್ದೆ. ಕೈ ಅಡ್ಡ ಹಾಕಿದವಳು ಮಾತಾಡಲು ಹಿಂದೆ ಮುಂದೆ ನೋಡಿದಳು.

"ಸಿಟ್ಟಿಗೇಳಬ್ಯಾಡ್ರಿ ಚಂದ್ರಕ್ಕ. ನಿಮ್ಮನ್ನ ಕೇಳಬಾರ್ದು ಅಂತ ಇತ್ತು. ಗುರುಪಾದಣ್ಣನ ಗಾಡಿ ನಿಲ್ಲಿಸೂ ಹಂಗಿಲ್ಲ, ಮತ್ತ ಯಾರನ್ನ ಕೇಳ್ಲಿ?"

"ನನ್ನನ್ನ ಕೇಳಬಾರ್ದು ಅಂತ ಯಾರ ಹೇಳಿದ್ರು?"

"ಗುರುಪಾದಣ್ಣನ ಹೇಳಿದ್ರು. ಎರಡು ಕಿಡಕಿ ಸರಿ ಮಾಡಿ ಕೊಟ್ಟಿದ್ರು. ಮೂರನೇದು ಶನಿವಾರ ಬಂದು ಮಾಡ್ತೀನಿ ಅಂದಿದ್ರು, ಅಷ್ಟರೊಳಗ ಹಿಂಗಾತು. ಈ ವಾರ ಕೂಸಿಗೆ ಜ್ವರ ಬಂದು ಮೂರು ದಿನ ದವಾಖಾನಿಯೊಳಗ ಇದ್ದಿವಿ. ಈಗ ಇಳದೈತಿ."

ಶನಿವಾರವೆಂದರೆ ನಾವು ಅವನನ್ನು ಬೋಳು ಮಾಡಿದ ದಿನ. ನನಗೆ ಮೊದಲು ಬಂದದ್ದು ಸಂಶಯವೇ. ಇವಳನ್ನು ಅವನೇ ಹೇಳಿ ಕಳಿಸಿದ್ದಾನೆ ಎಂದುಕೊಂಡೇ ಒಳಗೆ ಹೋದೆ. ಎರಡು ಕಿಟಕಿಗಳಲ್ಲಿ ನನ್ನ ಪರದೆಯ ಅಂಚಿಗೆ ಎರಡು ಬೆರಳಗಲದ ಪಟ್ಟಿ ಸೇರಿಸಿದ್ದ. ನಾನೇ ಕೊಟ್ಟ ಚೂರುಗಳು. ಕುಕ್ಕರಿನ ಹಿಡಿಕೆಗೆ ಸುತ್ತುವ ತೆಳುವಾದ ತಂತಿಯಲ್ಲಿ ಹೊಲಿದಿದ್ದ, ಹೊಲಿಗೆ ಬಾರದವನ ಹೊಲಿಗೆ. ಒಂದೊಂದು ಹಾಕಲು ಎಷ್ಟು ಹೊತ್ತು ಹಿಡಿದಿರಬೇಕು. ಮೂರನೆಯ ಕಿಟಕಿಗೆ ಬೆರಳು ಹಾಕಿದೆ. ಎರಡು ಬೆರಳು ಸರಾಗವಾಗಿ ಆಚೆ ಹೋದವು. ಸಂದಿನ ಎದುರಿಗೇ ತೊಟ್ಟಿಲು.

ಟೇಪು ತೆಗೆದು ಅಳೆದೆ. "ಮೂವತ್ತೆಂಟು" ಎಂದೆ. ನನ್ನ ಪುಸ್ತಕದಲ್ಲಿಯೂ ಮೂವತ್ತೆಂಟು ಎಂದೇ ಇತ್ತು. ಟೇಪನ್ನು ಅಲ್ಲಾಡಿಸದೆ ಹಾಗೆಯೇ ಹಿಡಿದು ಶಮೀಮಾಳನ್ನು ಕರೆದು, "ಎಷ್ಟೈತಿ ಓದವ್ವಾ" ಎಂದೆ.

ಅವಳು ನನ್ನ ಮುಖ ನೋಡಿದಳು, ಟೇಪು ನೋಡಿದಳು. "ನಲವತ್ತು" ಎಂದಳು, ತಪ್ಪು ಅವಳದೇ ಎಂಬಂತೆ.

ಕಣ್ಣು ಮಸುಕಾದದ್ದು ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಟೇಪಿನ ಬಣ್ಣ ಹೋಗಿದೆ ಎಂದು ಹೊಸ ಟೇಪು ಕೊಂಡಿದ್ದೆ. ಬಲ್ಬಿನವನು ಮೋಸ ಮಾಡಿದ ಎಂದು ಬಲ್ಬು ಬದಲಿಸಿದ್ದೆ. ಸೂಜಿಯ ಕಣ್ಣು ಮೊದಲಿನಷ್ಟು ದೊಡ್ಡದು ಬರುತ್ತಿಲ್ಲ ಎಂದು ಅಂಗಡಿಯವನ ಜೊತೆ ಜಗಳವಾಡಿದ್ದೆ. ಜಗತ್ತಿನ ಎಲ್ಲದರ ಮೇಲೂ ಸಂಶಯಪಟ್ಟಿದ್ದೆ, ನನ್ನ ಕಣ್ಣೊಂದನ್ನು ಬಿಟ್ಟು.

ಅಂದು ಹೊಸ ಕೆಲಸ ಹಿಡಿಯಲಿಲ್ಲ. ಯುಗಾದಿಯಿಂದ ಈಚೆಗೆ ಪರದೆ ಹಾಕಿದ ಮನೆಗಳಿಗೆಲ್ಲ ಹೋದೆ. ಎಲ್ಲರೂ ಮೊದಲು "ಭಾಳ ಚೊಲೊ ಐತ್ರಿ" ಎಂದರು. ನಾನು ಒಳಗೆ ನುಗ್ಗಿ ಕಿಟಕಿಯ ಅಂಚು ಮುಟ್ಟಿದೆ. ಒಂಬತ್ತು ಮನೆ. ಒಂಬತ್ತರಲ್ಲಿಯೂ ತಂತಿಯ ಹೊಲಿಗೆ ಬೆರಳಿಗೆ ಸಿಕ್ಕಿತು. ಕೊನೆಯ ಮನೆಯಲ್ಲಿ ನನಗೆ ಅಳು ತಡೆಯಲಾಗಲಿಲ್ಲ. ಆ ಮನೆಯ ಮುದುಕ ಏನು ಮಾಡುವುದೆಂದು ತೋಚದೆ ನನಗೆ ಒಂದು ಬಾಳೆಹಣ್ಣು ಕೊಟ್ಟ.

ಮರುದಿನ ಎರಡಕ್ಕೆ ಮೊದಲು ಗುರುಪಾದ ತನ್ನ ಆಟೋಗೆ ಕಂಬಳಿ ಹೊದಿಸುತ್ತಿದ್ದ. ಆರು ದಿನದಿಂದ ಅದು ನಿಂತಲ್ಲೇ ನಿಂತಿತ್ತು, ಗಾಲಿಯ ಕೆಳಗೆ ಎಲೆ ಬಿದ್ದಿದ್ದವು. ಕಂಬಳಿಯ ಇನ್ನೊಂದು ತುದಿ ಹಿಡಿದೆ.

"ನೀವು ಮುಟ್ಟಬ್ಯಾಡ್ರಿ" ಎಂದ.

"ಒಂಬತ್ತ ಮನಿಗೆ ಹೋಗಿ ಬಂದೆ."

ಅವನ ಕೈ ನಿಂತಿತು. ಮುಖದಲ್ಲಿ ಸಂತೋಷವೇನೂ ಕಾಣಲಿಲ್ಲ, ಸಿಟ್ಟೇ ಬಂದಿತ್ತು. ಅಷ್ಟು ವರ್ಷದಲ್ಲಿ ಅವನ ಸಿಟ್ಟು ನೋಡಿದ್ದು ಅದೇ ಮೊದಲು.

"ಯಾರ ಹೇಳಿದ್ರ ನಿಮಗ? ಯಾರೂ ಹೇಳಬಾರ್ದು ಅಂತ ಕೈ ಮುಗುದು ಬಂದಿದ್ದೆ."

"ಮೊದಲನೇ ಸಲ ಹೆಂಗ ಗೊತ್ತಾತು?"

"ಮೊದಲನೇ ಸಲ ನಿಮ್ಮ ಬೋರ್ಡ ತಾನ ಬಂದಿತ್ರಿ. ಆವತ್ತ ಬಜಾರದೊಳಗ ಒಬ್ರು ಗಾಡಿ ನಿಲ್ಲಿಸಿ, ಪರದೆ ಸಂದ ಬಿಟ್ಟೈತಿ ಅಂತ ಎಲ್ಲಾರ ಮುಂದ ಒದರಾಕ ಹತ್ತಿದ್ರು. ಬೋರ್ಡ ನನ್ನ ಗಾಡಿ ಮ್ಯಾಲಿತ್ತಲ್ಲ, ನಾನ ಹೋಗಿ ಸರಿ ಮಾಡಿದೆ. ನೀವು ಹೊಸಾ ಪರದೆ ಹಾಕಿ ಬಂದ ಎರಡು ದಿನಕ್ಕ ಒದರೂ ಮಂದಿ ಬರ್ತಾರ ಅಂತ ಗೊತ್ತಾತು. ಆವತ್ತ ಬೋರ್ಡ ನನ್ನ ಹತ್ರ ಇದ್ರ ನನಗ ಒದರತಾರ. ನನಗೇನು, ಕುಕ್ಕರ ಸೀಟಿ ಕೇಳಿ ಕೇಳಿ ಕಿವಿ ಹೋಗ್ಯಾವ."

"ಹೊಸಾ ಗಿರಾಕಿ ಎಷ್ಟ ಮಂದಿ ನಿಲ್ಲಿಸಿದ್ರು?"

"ನಿಮಗ ಹೇಳಿದಷ್ಟ."

ನಾನು ಅಲ್ಲಿಯೂ ಒಂದು ಕ್ಷಣ ಅನುಮಾನಿಸಿದೆ. ಹುಟ್ಟುಗುಣ, ಅಷ್ಟು ಬೇಗ ಹೋಗುವುದಿಲ್ಲ. ಆಮೇಲೆ ನಾಚಿಕೆಯಾಯಿತು.

"ಪಂಚರ ಮುಂದ ಯಾಕ ಹೇಳ್ಲಿಲ್ಲ? ನನಗರೆ ಯಾಕ ಹೇಳ್ಲಿಲ್ಲ?"

"ಹೇಳಿದ್ರ ನಂಬತಿದ್ರೇನು?"

"ಇಲ್ಲ" ಎಂದೆ. ಸುಳ್ಳು ಹೇಳಿ ಏನು ಪ್ರಯೋಜನ.

"ಮತ್ತ?" ಎಂದು ಅವನು ಕಂಬಳಿ ಎಳೆದು ಕಟ್ಟಿ ಒಳಗೆ ಹೋದ.

ಮರುದಿನ ತೂಕದ ಸೇತುವೆಯ ಬಳಿ ಪಂಚರನ್ನು ಕೂಡಿಸಿದೆ. ಈ ಸಲ ಇನ್ನೂ ಹೆಚ್ಚು ಜನ. ನನ್ನ ಕಣ್ಣು ಮಸುಕಾಗಿದೆ, ಯುಗಾದಿಯಿಂದ ಈಚೆಗಿನ ನನ್ನ ಅಳತೆಗಳೆಲ್ಲ ತಪ್ಪು, ಬೋರ್ಡಿನ ಮೇಲೆ ನಾನು ಬರೆದುಕೊಂಡದ್ದು ಸುಳ್ಳು, ಒಂದು ಕೂಸಿಗೆ ನನ್ನಿಂದ ಜ್ವರ ಬಂತು, ಈ ಮನುಷ್ಯ ನನ್ನ ಹೆಸರು ಉಳಿಸಲು ಬೋರ್ಡು ಮುಟ್ಟಿದ ಎಂದು ಎಲ್ಲವನ್ನೂ ಗಟ್ಟಿಯಾಗಿ ಹೇಳಿದೆ. ಇನ್ನು ಯಾರೂ ನನ್ನ ವ್ಯಾನಿಗೆ ಕೈ ಅಡ್ಡ ಹಾಕುವುದಿಲ್ಲ ಎಂದು ಗೊತ್ತಿದ್ದೇ ಹೇಳಿದೆ.

ಯಾರಿಗೂ ಆಶ್ಚರ್ಯವಾಗಲಿಲ್ಲ. ನೂರಾರು ಜನರಲ್ಲಿ ಒಬ್ಬರೂ "ಹೌದಾ" ಎನ್ನಲಿಲ್ಲ.

ಕಲಾವತಿಬಾಯಿ ಎದ್ದು ಬಂದು ನನ್ನ ಕೈ ಹಿಡಿದಳು. "ಗೊತ್ತಿತ್ತವ್ವಾ. ನನ್ನ ಅಡಿಗಿ ಮನಿ ಕಿಡಕೀನೂ ಅವನ ಹೊಲದು ಹೋಗ್ಯಾನ."

ಹೆಂಗಸರು ಬೆಂಡೆಕಾಯಿಗೆ ತಿರುಗಿದ್ದು ಏಕೆಂದು ಅಲ್ಲಿ ನಿಂತಲ್ಲೇ ತಿಳಿಯಿತು. ಊರಿಗೆ ಊರೇ ನನ್ನ ಬೆನ್ನ ಹಿಂದೆ ಏನೋ ನಡೆಸಿದೆ ಎಂಬ ನನ್ನ ಸಂಶಯ ಅಕ್ಷರಶಃ ನಿಜವಾಗಿತ್ತು. ಅವರು ನಡೆಸಿದ್ದು ಏನೆಂಬುದು ಮಾತ್ರ ನನ್ನ ತಲೆಗೆ ಹೊಳೆದಿರಲಿಲ್ಲ.

"ಗೊತ್ತಿದ್ದೂ ಅವನನ್ನ ಬೋಳ ಮಾಡಿದ್ರೇನ್ರೀ?" ಎಂದು ಕೂಗಿದೆ.

"ನೀ ನೂರ ಮಂದಿ ಮುಂದ ನೋಡೇನಿ ಅಂದಿ. ಅಂವಾ ಹೂಂ ಅಂದ. ಕಾರಣ ಹೇಳಪಾ ಅಂದ್ರ ಹೇಳ್ಲಿಲ್ಲ. ಅಂವಾ ಮುಚ್ಚಿದ್ದನ್ನ ನಾವು ಬಿಚ್ಚೂದು ಹೆಂಗ? ನೀ ನೋಡ್ದ ಇದ್ದಿದ್ರ ನಾವ್ಯಾರೂ ನೋಡಿರಲಿಲ್ಲ."

"ಈಗ ನಾ ಬಿಚ್ಚೇನಲ್ಲ. ಶಿಕ್ಷಿ ತೆಗೀರಿ."

"ಕತ್ತರಿಸಿದ ಬೋರ್ಡ ಕೂಡಿಸಾಕ ಬರಂಗಿಲ್ಲ ಚಂದ್ರವ್ವಾ. ಮುಟ್ಟಿದ್ದು ಮುಟ್ಟಿದ್ದ. ಒಂದು ವರ್ಷ ಅಂದ್ರ ಒಂದು ವರ್ಷ."

ಜನ ಚದುರಿದರು. ಗುರುಪಾದ ಅಲ್ಲಿಗೆ ಬಂದಿರಲೇ ಇಲ್ಲ. ಅವನು ಮನೆಯಲ್ಲಿ ಗಂಟು ಕಟ್ಟುತ್ತಿದ್ದಾನೆ, ಸೋಮವಾರ ಊರು ಬಿಡುತ್ತಾನೆ ಎಂದು ಹೆಣದ ಗಾಡಿಯ ಈರಪ್ಪ ಹೋಗುವಾಗ ಹೇಳಿ ಹೋದ. ವರ್ಷವಿಡೀ ಗಿರಾಕಿ ಇಲ್ಲದೆ ಯಾರು ಬದುಕುತ್ತಾರೆ? ನನ್ನನ್ನು ಬಯ್ದಿದ್ದರೆ ಚೆನ್ನಾಗಿತ್ತು. ಯಾರೂ ಬಯ್ಯಲಿಲ್ಲ.

ನೇರ ಅವನ ಮನೆಗೆ ಹೋದೆ. ನಡುಮನೆಯಲ್ಲಿ ಕುಕ್ಕರಿನ ಮುಚ್ಚಳಗಳನ್ನು ಹಗ್ಗಕ್ಕೆ ಪೋಣಿಸುತ್ತಿದ್ದ. ಹೊಸ್ತಿಲಲ್ಲೇ ನಿಂತು ದಾರಿಯುದ್ದಕ್ಕೂ ಯೋಚಿಸಿ ಬಂದದ್ದನ್ನು ಹೇಳಿದೆ.

"ಬೋಳ ಗಾಡಿ ನಿಲ್ಲಿಸಬಾರ್ದು ಅಂತ ಐತಿ. ಬೋಳ ಗಾಡಿ ಮನಷ್ಯಾ ಇನ್ನೊಬ್ರ ಗಾಡಿಯೊಳಗ ಕುಂದ್ರಬಾರ್ದು ಅಂತ ಎಲ್ಲೂ ಇಲ್ಲ. ನನಗ ಹೊಲಿಯಾಕ ಕಣ್ಣ ಬೇಕಾಗಿಲ್ಲ, ಅದು ಕೈಗೆ ಗೊತ್ತೈತಿ. ಅಳಿಯಾಕ ಬೇಕು."

"ನನ್ನ ಅಳತಿ ನೀವು ನಂಬತೀರೇನು?"

"ನಂಬಾಕ ಬರಂಗಿಲ್ಲ ನನಗ" ಎಂದೆ. "ಕಲೀಬೇಕು."

ಅವನು ಬಹಳ ಹೊತ್ತು ಮುಚ್ಚಳ ಒರೆಸಿದ. ಆಮೇಲೆ ಹಗ್ಗ ಬಿಚ್ಚತೊಡಗಿದ.

ಸೋಮವಾರ ಶಮೀಮಾಳ ಮನೆಗೆ ಹೋದೆವು. ದಾರಿಯಲ್ಲಿ ಯಾರೂ ಕೈ ಅಡ್ಡ ಹಾಕಲಿಲ್ಲ, ಯಾರೂ ಮುಖ ತಿರುಗಿಸಲೂ ಇಲ್ಲ. ಮಗು ತೊಟ್ಟಿಲಲ್ಲಿ ನಿದ್ದೆ ಮಾಡುತ್ತಿತ್ತು. ಗುರುಪಾದ ಸ್ಟೂಲಿನ ಮೇಲೆ ಹತ್ತಿ ಮೂರನೆಯ ಕಿಟಕಿಗೆ ಟೇಪು ಹಿಡಿದ. ನಾನು ಕೆಳಗೆ ಪುಸ್ತಕ ತೆರೆದು ನಿಂತೆ. ಅಷ್ಟು ದೂರದಿಂದ ನನಗೆ ಟೇಪು ಒಂದು ಹಳದಿ ಗೀಟಿನಂತೆ ಕಾಣುತ್ತಿತ್ತು, ಅದರ ಮೇಲೆ ಅಂಕಿ ಇದೆ ಎಂಬುದೇ ತಿಳಿಯುತ್ತಿರಲಿಲ್ಲ.

"ನಲವತ್ತು, ಒಂದು ನೂಲು ಕಡಿಮಿ" ಎಂದ.

ಶಮೀಮಾ ಓದಿದ್ದಕ್ಕಿಂತ ಒಂದು ನೂಲು ಕಡಿಮೆ. ನನ್ನ ಕೈ ತಾನಾಗಿ ಟೇಪಿನತ್ತ ಮೇಲೆ ಹೋಯಿತು. ಅವನು ಅದನ್ನು ನೋಡಿದ. ಟೇಪನ್ನು ಸಡಿಲಿಸದೆ, ನಾನು ಮತ್ತೊಬ್ಬರನ್ನು ಕರೆದು ಓದಿಸಲಿ ಎಂದು ಹಾಗೆಯೇ ಹಿಡಿದುಕೊಂಡು ನಿಂತ. ಶಮೀಮಾ ಒಳಗಿನಿಂದ ಬಾಗಿಲವರೆಗೆ ಬಂದಳು.

ಕೈಯನ್ನು ಕೆಳಗೆ ತಂದು, ಅವನು ಹೇಳಿದ್ದನ್ನೇ ಬರೆದುಕೊಂಡೆ.